ಗೋಡೆಯ ಮೇಲಿನ ಕೈ

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಊರೂರು ಅಲೆದು, ನೀರು ಕಾಯಿಸಿ ಕುಡಿಯಿರಿ, ಕೂಸಿಗೆ ಲಸಿಕೆ ಹಾಕಿಸಿ, ನೀರಿನ ಟಾಕಿ ಮುಚ್ಚಿಡಿ ಎಂದು ಗಂಟಲು ಹರಿದುಕೊಂಡವನಿಗೆ ಸಿಟ್ಟಲ್ಲದೆ ಇನ್ನೇನು ಬಂದೀತು ಎಂದು ನಾನು ವಾದಿಸುತ್ತೇನೆ. "ಲಗ್ನಾದ ಹೊಸದಾಗೂ ಹಿಂಗೇ ಇದ್ರಿ. ಆಗ ಯಾವ ಟಾಕಿ ಮುಚ್ಚಸ್ಲಿಕತ್ತಿದ್ರಿ?" ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಚಿಂಚೋಳಿಯಲ್ಲಿ ಕೆಲಸಕ್ಕೆ ಸೇರಿ, ಸೇಡಂ, ಚಿತ್ತಾಪುರ ಸುತ್ತಿ, ಕೊನೆಯ ವರ್ಷಗಳನ್ನು ವಾಡಿಯಲ್ಲಿ ಕಳೆದೆ. ನಿವೃತ್ತಿ ಹತ್ತಿರ ಬಂದಾಗ ಎಂಪಾಕ್ಸ್ ಬಂತು. ಬಂತು ಎಂದರೆ ನಮ್ಮ ಕಡೆ ರೋಗ ಬರಲಿಲ್ಲ, ಸುತ್ತೋಲೆ ಬಂತು. ದೂರದ ದೇಶಗಳಲ್ಲಿ ಹರಡುತ್ತಿದೆ, ಹೊರಗಿನಿಂದ ಬಂದವರ ಮೇಲೆ ಕಣ್ಣಿಡಿ, ಜನರಿಗೆ ತಿಳಿವಳಿಕೆ ಕೊಡಿ ಎಂದು. ಪತ್ರಿಕೆಗಳು ಅದನ್ನು ಮಂಕಿಪಾಕ್ಸ್ ಎಂದೇ ಬರೆಯುತ್ತಿದ್ದವು. ಚಿಂಚೋಳಿಯ ಕಾಡಂಚಿನಲ್ಲಿ ಹೊಲ ಇರುವ ನನ್ನ ಹೆಂಡತಿಯ ತಮ್ಮ ಗಾಬರಿಯಿಂದ ಫೋನ್ ಮಾಡಿದ. "ಭಾವಾ, ದಿನಾ ಹೊಲಕ್ಕ ಮಂಗ್ಯಾ ಬರ್ತಾವ. ಏನ್ ಮಾಡ್ಲಿ?"

"ಅವಕ್ಕ ನಿನ್ನಿಂದ ಏನೂ ಹತ್ತದಂಗ ನೋಡ್ಕೋ" ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಪಾಪ ಅನ್ನಿಸಿ ನಾನೇ ತಿರುಗಿ ಮಾಡಿ ವಿವರಿಸಿದೆ. ಇದು ಈಗ ಹರಡುತ್ತಿರುವುದು ಮನುಷ್ಯರಿಂದ ಮನುಷ್ಯರಿಗೆ. ರೋಗ ಇದ್ದವರ ಮೈಗೆ ಮೈ ತಾಗಿದರೆ, ಅವರು ಹೊದ್ದ ಕೌದಿ, ಒರೆಸಿಕೊಂಡ ಟವೆಲ್ ಬಳಸಿದರೆ, ಬಹಳ ಹೊತ್ತು ಮುಖಕ್ಕೆ ಮುಖ ಕೊಟ್ಟು ಕೂತರೆ ಬರಬಹುದು. ಹಾದಿಯಲ್ಲಿ ಹಾದುಹೋದರೆ ಬರುವಂಥದ್ದಲ್ಲ. ಅವನು ಎಲ್ಲ ಕೇಳಿಕೊಂಡು, "ಆದ್ರೂ ಮಂಗ್ಯಾ ಬಂದ್ರ ಏನ್ ಮಾಡ್ಲಿ?" ಎಂದ.

ಕರಪತ್ರ ಹಂಚಿದರೆ ಜನ ಅದರಲ್ಲಿ ಶೇಂಗಾ ಕಟ್ಟಿಕೊಳ್ಳುತ್ತಾರೆ. ಅದಕ್ಕೇ ಗೋಡೆಯ ಮೇಲೆ ಚಿತ್ರ ಬರೆಸಬೇಕು ಎಂದು ನಾನು ಹಟ ಹಿಡಿದೆ. ವಾಡಿಯಿಂದ ಶಹಾಬಾದ್ ಕಡೆಗೆ ಹೋಗುವ ದಾರಿಯಲ್ಲಿ ಕಲ್ಲಿನ ಖಣಿಗಳ ನಡುವೆ ಒಂದು ಊರಿದೆ. ಗಂಡಸರು ಖಣಿಗೆ, ಸಿಮೆಂಟ್ ಕಾರ್ಖಾನೆಗೆ ಹೋಗುತ್ತಾರೆ, ಕೆಲವರು ಗಲ್ಫಿಗೂ ಹೋಗಿ ಬರುತ್ತಾರೆ. ಆ ಕಾರಣಕ್ಕೇ ನಾನು ಆ ಊರನ್ನು ಆರಿಸಿದ್ದು. ಆದರೆ ಅಲ್ಲಿಯ ಮನೆಗಳೆಲ್ಲ ಫರಸಿ ಕಲ್ಲನ್ನು ಅಡ್ಡಡ್ಡ ಪೇರಿಸಿ ಕಟ್ಟಿದವು. ಅಂಥ ಗೋಡೆಯ ಮೇಲೆ ಗೆರೆ ಎಳೆದರೆ ಕುಂಚ ಪ್ರತಿ ಕಲ್ಲಿಗೂ ಎಡವುತ್ತದೆ. ಸಿಮೆಂಟಿನಿಂದ ನುಣ್ಣಗೆ ಗಿಲಾವು ಮಾಡಿದ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾದ ಗೋಡೆ ಇಡೀ ಊರಿನಲ್ಲಿ ಒಂದೇ ಇತ್ತು. ಅದು ರೊಟ್ಟಿ ಆಯಿಯ ಮನೆಯದು.

ಆಯಿಗೆ ಎಪ್ಪತ್ತರ ಆಸುಪಾಸು. ಗಂಡ ಗೌಂಡಿ, ಅಂದರೆ ಗಾರೆ ಕೆಲಸದವ. ಊರ ಮಂದಿಯ ಮನೆಗಳನ್ನು ಕಟ್ಟಿ ಕಟ್ಟಿ, ತನ್ನ ಮನೆಯ ಒಂದು ಗೋಡೆಗಾದರೂ ಗಿಲಾವು ಮಾಡಿಯೇ ಸಾಯುತ್ತೇನೆ ಎಂದು ಹೇಳಿ ಹಾಗೇ ಮಾಡಿ ಸತ್ತಿದ್ದ. ಮಕ್ಕಳಿರಲಿಲ್ಲ. ಆಯಿ ಮನೆಯ ಮುಂದಿನ ಕಟ್ಟೆಯ ಮೇಲೆ ತಗಡಿನ ನೆರಳಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಖಣಿಗೆ ಹೋಗುವ ಗಂಡಹೆಂಡಿರು, ಲಾರಿ ಚಾಲಕರು, ಶಾಲೆಯ ಮೇಷ್ಟ್ರು, ಎಲ್ಲರೂ ಬೆಳಿಗ್ಗೆ ಬಟ್ಟೆಯ ಗಂಟು ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದರು. ನಾನು ಗೋಡೆ ಕೇಳಿದಾಗ ಅವಳು ರೊಟ್ಟಿಯಿಂದ ಕಣ್ಣು ಎತ್ತದೆ, "ಬರ್ಕೊಳ್ರಿ ಸಾಹೇಬ್ರ. ಗ್ವಾಡಿ ಏನ್ ಸವೀತದೇನು" ಎಂದಳು. ಬಿಸಿ ರೊಟ್ಟಿಗೆ ಹಿಂಡಿಪಲ್ಯೆ ಹಾಕಿ ಕೈಗಿಟ್ಟಳು. ಬೇಡ ಎನ್ನುವಷ್ಟು ಮೂರ್ಖ ನಾನಲ್ಲ.

ಚಿತ್ತಾಪುರದಿಂದ ಒಬ್ಬ ಪೇಂಟರನ್ನು ಕರೆಸಿದೆ. ಫ್ಲೆಕ್ಸ್ ಬ್ಯಾನರುಗಳು ಬಂದ ಮೇಲೆ ಕುಂಚಕ್ಕೆ ಕೆಲಸವಿಲ್ಲದೆ ಬೇಸತ್ತಿದ್ದ ಮನುಷ್ಯ. ನಮಗೆ ಕಳಿಸಿದ್ದ ಮಾದರಿ ಚಿತ್ರ ತೋರಿಸಿದೆ. ಬಿಳಿಚಿಕೊಂಡ ಯಾವುದೋ ಪರದೇಶದ ಕೈ, ಅದರ ತುಂಬ ಗುಳ್ಳೆ. "ಇದನ್ನ ಬರದ್ರ ನಮ್ಮ ಮಂದಿ ಇದು ಬ್ಯಾರೆಯವರ ರೋಗ ಅಂತ ಮುಂದ ಹೋಗ್ತಾರ. ನಮ್ಮ ಕೈ ಬರೀರಿ" ಎಂದೆ.

"ನಮ್ಮ ಕೈ ಅಂದ್ರ ಹ್ಯಾಂಗ್ರಿ ಸರ್?"

"ದುಡಿಯೋ ಕೈ. ನೋಡಿದ ಕೂಡ್ಲೆ ಇದು ನಮ್ಮ ಮನ್ಯಾಗಿನ ಕೈ ಅನ್ನಬೇಕು."

ಹೀಗೆ ಭಾರೀ ಮಾತಾಡಿ ನಾನು ಶಹಾಬಾದಿಗೆ ಸಭೆಗೆ ಹೋದೆ. ಸಂಜೆ ಬಂದು ನೋಡಿದರೆ ಗೋಡೆಯ ಮೇಲೆ ಆಳೆತ್ತರದ ಕೈ. ಗೋಧಿಗಿಂತ ಕಪ್ಪು ಬಣ್ಣ, ಗಟ್ಟಿ ಅಂಗೈ, ಅಲ್ಲಲ್ಲಿ ನಡುವೆ ತಗ್ಗು ಬಿದ್ದ ಗುಳ್ಳೆಗಳು, ಎಲ್ಲ ಪುಸ್ತಕದಲ್ಲಿ ಹೇಳಿದಂತೆಯೇ. ಕೆಳಗೆ ನಾನು ಬರೆದುಕೊಟ್ಟಿದ್ದ ಸಾಲು: ಜ್ವರ, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಬಚ್ಚಿಡಬೇಡಿ, ತೋರಿಸಿ. ಫೋಟೋ ತೆಗೆದು ಇಲಾಖೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮೇಲಿನವರೆಲ್ಲ ಹೆಬ್ಬೆರಳು ಎತ್ತಿದರು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದೆ.

ಎರಡು ವಾರದ ಮೇಲೆ ಆ ಊರಿಗೆ ಹೋದಾಗ ಆಯಿ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಒಲೆ ಉರಿಯುತ್ತಿತ್ತು, ಹಂಚು ಕಾದಿತ್ತು, ಪರಾತದಲ್ಲಿ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಗಂಟು ಹಿಡಿದವರು ಒಬ್ಬರೂ ಇರಲಿಲ್ಲ. "ಯಾಕ ಆಯಿ, ಊರಾಗ ಏನರೆ ಹಬ್ಬ ಅದೇನು?" ಎಂದು ಕೇಳಿದೆ. "ಹಿಟ್ಟು ಉಳೀಲಿಕತ್ತದ" ಎಂದಷ್ಟೇ ಹೇಳಿ ಅವಳು ಕಟ್ಟಿಗೆ ಹಿಂದಕ್ಕೆ ಎಳೆದಳು.

ಊರಿನ ಆಶಾ ಕಾರ್ಯಕರ್ತೆ ನನ್ನನ್ನು ಗೋಡೆಯ ಮುಂದೆ ಕರೆದೊಯ್ದು ನಿಲ್ಲಿಸಿದಳು. "ಸರ್, ಮಣಿಕಟ್ಟು ನೋಡ್ರಿ."

ನೋಡಿದೆ. ಬಳೆ ಇಲ್ಲದ ಮಣಿಕಟ್ಟು. ಅದರ ಒಳಭಾಗದಲ್ಲಿ ಹಳೆಯ ಕಾಲದ ಚೇಳಿನ ಹಚ್ಚೆ. ಒಳಕ್ಕೆ ಬಾಗಿದ ಹೆಬ್ಬೆರಳು. ಪೇಂಟರ್ ದುಡಿಯುವ ಕೈಗಾಗಿ ಬಹಳ ದೂರ ಹುಡುಕಿರಲಿಲ್ಲ. ಮಗ್ಗುಲಲ್ಲೇ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ನೋಡಿ, ಒಂದು ಗೆರೆಯನ್ನೂ ಬಿಡದೆ, ಶ್ರದ್ಧೆಯಿಂದ ಗೋಡೆಗೆ ಇಳಿಸಿದ್ದ. ಆ ಚೇಳನ್ನು ಊರಿನ ಪ್ರತಿಯೊಬ್ಬರೂ ದಿನಾ ಬೆಳಿಗ್ಗೆ ರೊಟ್ಟಿಯ ಜೊತೆ ನೋಡಿದವರೇ. ಅವರಿಗೆ ಕೆಳಗಿನ ಅಕ್ಷರ ಬೇಕಾಗಿರಲಿಲ್ಲ. ಸರ್ಕಾರದವರು ಬಂದು ಆಯಿಯ ಮನೆಯ ಮೇಲೆ ಆಯಿಯ ಕೈ ಬರೆದು, ಅದರ ಮೇಲೆ ಗುಳ್ಳೆ ಬರೆದು ಹೋಗಿದ್ದಾರೆ ಎಂದರೆ ಅರ್ಥ ಒಂದೇ.

ನಾಚಿಕೆಯಾದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಜೀಪಿಗೆ ಮೈಕ್ ಕಟ್ಟಿಸಿ ಊರಿನ ಓಣಿ ಓಣಿ ತಿರುಗಿದೆ. "ರೊಟ್ಟಿ ಆಯಿಗೆ ಯಾವ ರೋಗವೂ ಇಲ್ಲ, ಯಾರೂ ಸುಳ್ಳು ಸುದ್ದಿ ನಂಬಬಾರದು" ಎಂದು ನನ್ನ ದನಿಯಲ್ಲೇ ಕೂಗಿದೆ. ಮರುದಿನ ಆಶಾ ಕಾರ್ಯಕರ್ತೆ ಫೋನ್ ಮಾಡಿ, "ಸರ್, ಇನ್ನೊಮ್ಮಿ ಮೈಕ್ ತರಬ್ಯಾಡ್ರಿ. ಏನೂ ಇಲ್ಲಾಂದ್ರ ಮೈಕ್ ಹಚ್ಚಿ ಯಾಕ ಹೇಳ್ತಾರ ಅಂತ ಮಂದಿ ಅನ್ಲಿಕತ್ತಾರ" ಎಂದಳು.

ಪೇಂಟರನ್ನು ಮತ್ತೆ ಕರೆಸಿ ಚೇಳನ್ನು ಅಳಿಸಲು ಹೇಳಿದೆ. ಅವನು ಆ ಜಾಗಕ್ಕೆ ಬಳಿದ ಬಣ್ಣ ಒಣಗಿದ ಮೇಲೆ ಕಪ್ಪಾಗಿ ಎದ್ದು ಕಂಡಿತು. ರೋಗ ಮಣಿಕಟ್ಟಿಗೂ ಏರಿದೆ ಎಂದು ಊರು ಮಾತಾಡಿಕೊಂಡಿತು.

ಆಮೇಲೆ ನನಗೆ ತಿಳಿದ ಒಂದೇ ದಾರಿ ಅಂದರೆ ತಿನ್ನುವುದು. ನಾನು, ಜೀಪಿನ ಚಾಲಕ, ಆಶಾ ಕಾರ್ಯಕರ್ತೆ ವಾರಕ್ಕೆ ಎರಡು ಸಲ ಬಸ್ಸಿನ ಜನ ಇಳಿಯುವ ಹೊತ್ತಿಗೇ ಕಟ್ಟೆಯ ಮೇಲೆ ಕೂತು ಆಯಿಯ ಕೈಯಿಂದ ರೊಟ್ಟಿ ಇಸಿದುಕೊಂಡು ತಿಂದೆವು. ನಮ್ಮ ಆಸ್ಪತ್ರೆಯ ವೈದ್ಯೆ ಸಭೆಯ ಊಟಕ್ಕೆ ರೊಟ್ಟಿ ಅಲ್ಲಿಂದಲೇ ತರಿಸಿದರು. ಊರ ಜನ ನಿಂತು ನೋಡಿ ಹೋದರು. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಒಂದು ದಿನ ಶಾಲೆಯ ಮೇಷ್ಟ್ರನ್ನು ಹಿಡಿದು ನಡುರಸ್ತೆಯಲ್ಲೇ ಬೈದುಬಿಟ್ಟೆ. ಅವರು ತಲೆ ತಗ್ಗಿಸಿ, "ನನಗ ತಿಳೀತದ್ರಿ ಸರ್. ಮನ್ಯಾಗ ಸಣ್ಣ ಕೂಸದ. ಹೆಂಡ್ತಿ ಒಲ್ಲೆ ಅಂತಾಳ" ಎಂದರು. ಬೈದದ್ದಕ್ಕೆ ಆಮೇಲೆ ಬಹಳ ಹೊತ್ತು ಕೆಡುಕೆನಿಸಿತು. ಕೂಸಿಗಾಗಿ ಹೆದರಿ ಎಂದು ಹೇಳಿಕೊಟ್ಟವರು ನಾವೇ ಅಲ್ಲವೇ?

ಗೋಡೆಗೆ ಸುಣ್ಣ ಬಳಿದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಅದನ್ನು ನಾನು ಮುಂದೂಡುತ್ತ ಬಂದೆ. ನಿಜ ಹೇಳಿಬಿಡುತ್ತೇನೆ. ಆ ಚಿತ್ರವನ್ನು ಅಳಿಸಲು ನನಗೆ ಮನಸ್ಸಿರಲಿಲ್ಲ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ್ದನ್ನು ನಾನು ಮಾಡಿಸಿರಲಿಲ್ಲ.

ಒಂದು ದಿನ ಆಯಿ ತಾನಾಗಿ ಹೇಳಿದಳು. "ಸೇಡಂದಾಗ ನನ್ನ ತಮ್ಮನ ಮಗಳು ಅದಾಳ. ಬಾ ಅಂತಾಳ. ಹೋಗ್ತೀನ್ರಿ ಇನ್ನ." ಹೇಳುವಾಗ ಅವಳ ಕಣ್ಣು ಒಲೆಯ ಮೇಲಿತ್ತು. "ಆಕಿ ಮನ್ಯಾಗ ಗ್ಯಾಸ್ ಅದ. ರೊಟ್ಟಿ ಅವರೇ ಮಾಡ್ಕೋತಾರ. ನಾ ಸುಮ್ಮ ಕುಂದ್ರೋದು."

ಸುಮ್ಮನೆ ಕೂತು ಉಣ್ಣುವುದು ಅವಳಿಗೆ ಎಂಥ ಶಿಕ್ಷೆ ಎಂದು ನನಗೆ ಗೊತ್ತಿತ್ತು. "ಸೋಮವಾರ ಸುಣ್ಣ ಹಚ್ಚಸ್ತೀನಿ ಆಯಿ. ಗಂಡ ಮಾಡಿದ ಗಿಲಾವು ಮೊದಲಿನಂಗ ಬೆಳ್ಳಗ ಮಾಡಿ ಕೊಡ್ತೀನಿ. ಎಲ್ಲಿಗೂ ಹೋಗಬ್ಯಾಡ" ಎಂದೆ. ಅವಳು ಹಂಚು ಇಳಿಸಿ ಒಳಗೆ ಹೋದಳು.

ಸೋಮವಾರ ಮಧ್ಯಾಹ್ನ ಪೇಂಟರ್ ಬಕೆಟ್ಟಿನಲ್ಲಿ ಸುಣ್ಣ ಕಲೆಸಿ ಗೋಡೆಗೆ ನೀರು ಎರಚುತ್ತಿದ್ದ. ಊರು ಖಣಿಗೆ, ಹೊಲಕ್ಕೆ ಹೋಗಿ ಓಣಿ ಬರಿದಾಗಿತ್ತು. ಆಯಿ ಕಟ್ಟೆಯ ಮೇಲೆ ಇರಲಿಲ್ಲ, ಬಾಗಿಲು ಅರ್ಧ ಮುಚ್ಚಿತ್ತು. ಇನ್ನೇನು ಮೊದಲ ಕೈ ಬಳಿಯಬೇಕು ಎನ್ನುವಾಗ ಅವಳು ಹೊರಗೆ ಬಂದು, "ತಡೀರಿ. ಹಚ್ಚಬ್ಯಾಡ್ರಿ" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಗ್ವಾಡಿ ಸಲುವಾಗಿ ಊರ ಬಿಡಾಕಿನೂ ನೀನೇ, ಈಗ ಬ್ಯಾಡ ಅನ್ನಾಕಿನೂ ನೀನೇ? ನಮಗೇನು ಬ್ಯಾರೆ ಕೆಲ್ಸ ಇಲ್ಲೇನು?"

ಅವಳು ನನ್ನ ತೋಳು ಹಿಡಿದು ಮನೆಯ ಮಗ್ಗುಲಿಗೆ ಎಳೆದೊಯ್ದಳು. ದನಿ ತಗ್ಗಿಸಿ ಹೇಳಿದ್ದು ಇಷ್ಟು. ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳು ಒಳಗೆ ಕೂತಿದ್ದಾಳೆ. ಅವಳ ಗಂಡ ಗಲ್ಫಿನಿಂದ ಬಂದು ಎರಡು ವಾರವಾಗಿದೆ. ನಾಲ್ಕು ದಿನದಿಂದ ಜ್ವರ, ಮುಖದ ಮೇಲೆ, ಎದೆಯ ಮೇಲೆ ಗುಳ್ಳೆ, ಅಂಗೈಯಲ್ಲೂ ಎರಡು. ಹೈದರಾಬಾದಿಗೆ ಹೋಗಿದ್ದಾನೆ ಎಂದು ಊರಿಗೆ ಹೇಳಿ, ಒಳಮನೆಯಲ್ಲಿ ಬಚ್ಚಿಟ್ಟಿದ್ದಾರೆ. ಆಸ್ಪತ್ರೆಗೆ ಹೋಗಲು ಹೆದರಿಕೆ. ಕೊರೊನಾ ಕಾಲದಲ್ಲಿ ಇದೇ ಓಣಿಗೆ ಬಿದಿರು ಅಡ್ಡ ಕಟ್ಟಿದ್ದನ್ನು ಅವರು ಮರೆತಿಲ್ಲ.

"ನಿನ್ನ ಹತ್ರ ಯಾಕ ಬಂದಾಳ?" ಎಂದು ಕೇಳಿದೆ.

"ನನಗ ಬಂದು ಹೋಗ್ಯಾದ ಅಂತ ತಿಳದಾಳ್ರಿ. ಆಯಿ, ನಿನಗೂ ಇದೇ ಬಂದಿತ್ತೇನು, ಹ್ಯಾಂಗ ಆರಾಮಾತು ಅಂತ ಕೇಳ್ಲಿಕ್ಕ ಬಂದಾಳ."

"ಮತ್ತ ನೀ ಏನಂದಿ?"

"ಹೂಂ, ಬಂದಿತ್ತು ಅಂದೀನಿ. ನೀವೂ ಹಂಗೇ ಅನ್ನಬೇಕು."

ನಾನು ತಬ್ಬಿಬ್ಬಾದೆ. "ಆಯಿ, ನಿನಗಿಲ್ಲ ಅಂತ ನಾ ಊರ ತುಂಬ ಮೈಕ್ ಹಚ್ಚಿ ಹೇಳೀನಲ್ಲ!"

"ಅದನ್ನ ಯಾರು ನಂಬ್ಯಾರ?" ಎಂದು ಅವಳು ಒಳಗೆ ನಡೆದಳು.

ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ಕೂತಿದ್ದಳು. ನನ್ನನ್ನು ಕಂಡು ಎದ್ದು ಓಡಲು ನೋಡಿದಳು. ಆಯಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಚಾಚಿ ತೋರಿಸಿದಳು. ಐವತ್ತು ವರ್ಷ ಹಂಚು ತಾಗಿ ತಾಗಿ ಆದ ಸುಟ್ಟ ಕಲೆಗಳು ಆ ಕೈಗಳ ಮೇಲೆ ಎಣಿಸಲಾರದಷ್ಟಿದ್ದವು. "ನೋಡವ್ವ. ಇವೆಲ್ಲಾ ಅವೇ ಕಲಿ. ಉದುರಿ ಹೋದ್ವು. ಈ ಸಾಹೇಬ್ರೇ ನನ್ನ ಒಯ್ದಿದ್ರು. ಕೇಳು, ಒಂದ್ ಮಾತು ಗದರಸ್ಯಾರೇನು?"

ಹುಡುಗಿ ನನ್ನ ಮುಖ ನೋಡಿದಳು. ಸರಿಯಾದ ಮಾಹಿತಿ ಕೊಡುವುದೊಂದೇ ನನ್ನ ಕೆಲಸ ಎಂದು ಮೂವತ್ತು ವರ್ಷ ಬೀಗಿದವನು ನಾನು. "ಹೌದವ್ವ" ಎಂದೆ. "ಆಯಿಗೆ ಆರಾಮಾದಂಗ ನಿನ್ನ ಗಂಡಗೂ ಆಗ್ತದ."

"ಕೂಸಿನ್ನ ಕಸ್ಕೋತಾರೇನ್ರಿ?"

"ಯಾರೂ ಕಸ್ಕೊಳ್ಳಂಗಿಲ್ಲ. ಕೂಸು ಎಷ್ಟು ದೊಡ್ಡದು?"

"ಎರಡು ವರ್ಷದ್ದು. ಮೊನ್ನಿ ತನಕ ಅವರ ಮಗ್ಗಲದಾಗೇ ಮಲಗಿತ್ತು" ಎಂದವಳೇ ಅತ್ತುಬಿಟ್ಟಳು.

ನಾನು ಕೆಳಗೆ ಕೂತೆ. ವೇದಿಕೆಯ ಮೇಲೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತುಗಳನ್ನು ಆ ದಿನ ಮೊದಲ ಸಲ ಒಬ್ಬಳಿಗಾಗಿ ಹೇಳಿದೆ. ಗುಳ್ಳೆ ಎಂದರೆ ಎಂಪಾಕ್ಸೇ ಎಂದು ತಿಳಿಯಬೇಡ, ನೋಡಲು ಹಾಗೇ ಕಾಣುವ ರೋಗ ಬೇರೆಯೂ ಇವೆ, ಗುಳ್ಳೆಯ ನೀರು ಪರೀಕ್ಷೆಗೆ ಕಳಿಸಿದರೆ ಮಾತ್ರ ಗೊತ್ತಾಗುತ್ತದೆ. ಅದೇ ಆಗಿದ್ದರೂ ಬಹಳ ಮಂದಿಗೆ ಎರಡರಿಂದ ನಾಲ್ಕು ವಾರದಲ್ಲಿ ಹಕ್ಕಳೆ ಉದುರಿ, ಹೊಸ ಚರ್ಮ ಬಂದು ವಾಸಿಯಾಗುತ್ತದೆ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಜೋರಾಗಬಹುದು, ಅದಕ್ಕೇ ಕೂಸನ್ನು ಇವತ್ತಿನಿಂದಲೇ ಅಜ್ಜಿಯ ಹತ್ತಿರ ಮಲಗಿಸು. ಇವತ್ತೇ ಆಂಬುಲೆನ್ಸ್ ಕರೆಸಿ ಅವನನ್ನು ಆಸ್ಪತ್ರೆಗೆ ಒಯ್ಯುತ್ತೇವೆ, ಮನೆಯಲ್ಲಿರುವ ತನಕ ಅವನ ಹಾಸಿಗೆ, ಟವೆಲ್, ತಾಟು, ತಂಬಿಗೆ ಬೇರೆ ಇಡು. ಬಟ್ಟೆ ಝಾಡಿಸಬೇಡ, ಹಾಗೇ ಎತ್ತಿ ಬಿಸಿನೀರು, ಸಾಬೂನಿನಲ್ಲಿ ನೆನೆಹಾಕು. ಊಟ ಕೊಡುವಾಗ ಇಬ್ಬರೂ ಮಾಸ್ಕ್ ಕಟ್ಟಿಕೊಳ್ಳಿ, ಆಮೇಲೆ ಕೈ ತೊಳೆ. ಮೂರು ವಾರ ನಿನ್ನ ಮೈಯನ್ನೂ ಕೂಸಿನ ಮೈಯನ್ನೂ ದಿನಾ ನೋಡು, ಜ್ವರ ಬಂದರೆ ನನಗೆ ಫೋನ್ ಮಾಡು. ಅವನನ್ನು ಬಯ್ಯಬೇಡ. ಅವಳು ಒಂದೊಂದಕ್ಕೂ ತಲೆ ಆಡಿಸಿದಳು. ಕೊನೆಗೆ, "ಗಾಡಿ ನಮ್ಮ ಬಾಗಲಿಗೆ ಬರಬಾರದ್ರಿ" ಎಂದಳು.

ಆಯಿ ಹೇಳಿದಳು, "ನನ್ನ ಬಾಗಲಿಗೆ ತರಸ್ರಿ. ಹ್ಯಾಂಗೂ ಮಂದಿ ನನಗೇ ಬಂದದ ಅಂತಾರ."

ಆಯಿಯ ಹಿತ್ತಲು ಆ ಹುಡುಗಿಯ ಓಣಿಗೆ ಕೂಡುತ್ತಿತ್ತು. ನಾನು ಮಾಸ್ಕ್, ಕೈಗವಸು ಹಾಕಿ ಅವರ ಮನೆಗೆ ಹೋದೆ. ಒಳಮನೆಯಲ್ಲಿ ಕಿಟಕಿ ಮುಚ್ಚಿ, ಮೂವತ್ತರ ಆ ಗಂಡಸು ಮುಖದ ಮೇಲೆ ಚಾದರ ಎಳೆದುಕೊಂಡು ಮಲಗಿದ್ದ. ಕುತ್ತಿಗೆ, ಕಂಕುಳು ಮುಟ್ಟಿ ನೋಡಿದೆ, ಗಂಟು ಕೈಗೆ ಹತ್ತಲಿಲ್ಲ. ಅದು ಒಳ್ಳೆಯ ಸೂಚನೆ ಇರಬಹುದು ಅನ್ನಿಸಿತು, ಆದರೆ ಹೇಳಲು ಧೈರ್ಯ ಬರಲಿಲ್ಲ. ಅವನನ್ನು ಮುಟ್ಟಿದ್ದಕ್ಕೇ ಅವನ ಕಣ್ಣಲ್ಲಿ ನೀರು ಬಂತು. ಎರಡು ದಿನದಿಂದ ಯಾರೂ ಮುಟ್ಟಿರಲಿಲ್ಲವಂತೆ.

ಆಂಬುಲೆನ್ಸ್ ಆಯಿಯ ಮನೆಯ ಮುಂದೆ, ಆ ಕೈಯ ಚಿತ್ರಕ್ಕೆ ಮೈ ತಾಗಿಸಿದಂತೆ ಬಂದು ನಿಂತಿತು. ಅಷ್ಟರಲ್ಲಿ ಖಣಿಯಿಂದ ಮೊದಲ ಮಂದಿ ತಿರುಗಿ ಬರುತ್ತಿದ್ದರು. ಅವನನ್ನು ಹಿತ್ತಲಿನಿಂದ ಕರೆತಂದು, ಮೈ ತುಂಬ ಹೊದಿಸಿ, ಬಾಗಿಲಿಗೆ ಒತ್ತಿ ನಿಂತ ಗಾಡಿಯೊಳಕ್ಕೆ ಹತ್ತಿಸಿದೆವು. ಯಾರಿಗೂ ಕಾಣಲಿಲ್ಲ. ಕಂಡದ್ದು ಆಯಿ. ಅವಳು ಸೆರಗನ್ನು ತಲೆ ತುಂಬ ಹೊದ್ದು, ಮನೆಗೆ ಕೀಲಿ ಹಾಕಿ, ಎಲ್ಲರೂ ನೋಡುವಂತೆ ನಿಧಾನವಾಗಿ ನಡೆದು ಬಂದು ಚಾಲಕನ ಮಗ್ಗುಲಲ್ಲಿ ಕೂತಳು. ರೊಟ್ಟಿ ಆಯಿಯನ್ನು ಒಯ್ದರು ಎಂದು ಸಂಜೆಯೊಳಗೆ ಊರೆಲ್ಲ ಗೊತ್ತಾಯಿತು. ಪೇಂಟರ್ ಸುಣ್ಣದ ಬಕೆಟ್ ಹಿಡಿದು ನಿಂತೇ ಇದ್ದ. "ಈಗ ಇದನ್ನ ಏನ್ ಮಾಡ್ಲಿ ಸರ್?" ಎಂದು ಕೇಳಿದ. "ಒಯ್ದು ನಿನ್ನ ಮನಿಗಿ ಹಚ್ಕೋ" ಎಂದೆ. ಅವನು ಪಾಪ, ನಕ್ಕ.

ಕಲಬುರಗಿಯ ಆಸ್ಪತ್ರೆಯಲ್ಲಿ ಅವನನ್ನು ಬೇರೆ ಕೋಣೆಯಲ್ಲಿಟ್ಟರು, ಮಾದರಿ ತೆಗೆದು ಕಳಿಸಿದರು. ಆಯಿ ಅದೇ ದಿನ ಕೊನೆಯ ಬಸ್ಸಿಗೆ ಊರಿಗೆ ಮರಳಿದಳು. ಬಸ್ಸಿನಲ್ಲಿ ಅವಳ ಮಗ್ಗುಲಲ್ಲಿ ಯಾರೂ ಕೂರಲಿಲ್ಲ ಎಂದು ಆಮೇಲೆ ಅವಳೇ ನಗುತ್ತ ಹೇಳಿದಳು. "ಭಾಳ ಆರಾಮ ಬಂದೀನ್ರಿ, ಕಾಲ್ ಚಾಚಿ." ನನಗೆ ನಗು ಬರಲಿಲ್ಲ.

ವರದಿ ಬರುವ ತನಕ ನಾನು ಸರಿಯಾಗಿ ಊಟ ಮಾಡಲಿಲ್ಲ. ಬಂದಾಗ ಗೊತ್ತಾಯಿತು, ಅದು ಎಂಪಾಕ್ಸ್ ಅಲ್ಲ, ಚಿಕನ್ ಪಾಕ್ಸ್. ಅದೂ ಅಂಟುವ ರೋಗವೇ, ದೊಡ್ಡವರಿಗೆ ಬಂದರೆ ಕಾಡುತ್ತದೆ, ಹಕ್ಕಳೆ ಕಟ್ಟುವವರೆಗೆ ಬೇರೆ ಇರಬೇಕು. ಆದರೆ ಆ ಹೆಸರಿಗೆ ನಮ್ಮ ಜನ ಬಿದಿರು ಕಟ್ಟುವುದಿಲ್ಲ. ಹುಡುಗಿಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಅಳು ಕೇಳಿಸಿತು. ನನಗೂ ಕಣ್ಣು ತುಂಬಿ ಬಂತು.

ಕೂಸಿಗೂ ನಾಲ್ಕು ಗುಳ್ಳೆ ಎದ್ದು ಹೋದವು. ಆಗ ಅವರು ಬಚ್ಚಿಡಲಿಲ್ಲ, ಗುಳ್ಳೆ ಕಂಡ ದಿನವೇ ಆಶಾ ಕಾರ್ಯಕರ್ತೆಯನ್ನು ಕರೆದರು. ಗಂಡ ಗುಣವಾಗಿ ಬಂದ ಮೇಲೆ ಆ ಹುಡುಗಿ ಬಟ್ಟೆಯ ಗಂಟು ಹಿಡಿದು ಹಾಡಹಗಲು ಆಯಿಯ ಕಟ್ಟೆಗೆ ಬಂದು ಕೂತಳಂತೆ. ರೊಟ್ಟಿ ಕಟ್ಟಿಸಿಕೊಂಡು ಹೋಗುವ ಬದಲು ಅಲ್ಲೇ, ಬಸ್ಸಿನವರೆಲ್ಲ ನೋಡುತ್ತಿರುವಾಗ, ಕೂಸನ್ನು ಆಯಿಯ ತೊಡೆಯ ಮೇಲೆ ಹಾಕಿದಳಂತೆ. ಮರುದಿನ ಅವಳ ಅತ್ತೆ ಬಂದಳು. ಆಮೇಲೆ ಮೇಷ್ಟ್ರು. ಎಲ್ಲರೂ ಬಂದರು ಎಂದು ಬರೆಯಲು ನನಗೆ ಆಸೆ, ಆದರೆ ಎಲ್ಲರೂ ಬರಲಿಲ್ಲ. ಕೆಲವರು ಇವತ್ತಿಗೂ ಆ ಕಟ್ಟೆಯನ್ನು ದೂರದಿಂದ ಬಳಸಿ ಹೋಗುತ್ತಾರೆ. ಒಲೆ ಮಾತ್ರ ಉರಿಯುತ್ತಿದೆ, ಸೇಡಂಗೆ ಹೋಗುವ ಮಾತು ನಿಂತಿದೆ. ಇನ್ನೊಂದು ಹೊಸ ರೂಢಿ ಶುರುವಾಗಿದೆ. ಮಧ್ಯಾಹ್ನ ಓಣಿ ಬರಿದಾದಾಗ ಹೆಣ್ಣುಮಕ್ಕಳು ಬಂದು, ಮಗಳ ಬೆನ್ನ ಮೇಲೆ ಎದ್ದದ್ದು, ತಮ್ಮ ತೊಡೆಯ ಮೇಲೆ ಎದ್ದದ್ದು, ಯಾರಿಗೂ ತೋರಿಸದ್ದನ್ನು ಆಯಿಗೆ ತೋರಿಸುತ್ತಾರೆ. "ನಿನಗೂ ಹಿಂಗೇ ಆಗಿತ್ತೇನು ಆಯಿ?" ಎಂದು ಕೇಳುತ್ತಾರೆ. ಆಕೆ ಎಲ್ಲದಕ್ಕೂ ಹೂಂ ಅನ್ನುತ್ತಾಳೆ, ಆಮೇಲೆ ಆಶಾ ಕಾರ್ಯಕರ್ತೆಯನ್ನು ಕರೆಯುತ್ತಾಳೆ. ಎಲ್ಲ ರೋಗವೂ ತನಗೆ ಬಂದು ಹೋದ ಹೆಂಗಸು ಅವಳು ಈಗ.

ನಿವೃತ್ತಿಯ ಹಿಂದಿನ ವಾರ ಹೋಗಿ ಅವಳ ಮುಂದೆ ಕೂತೆ. ಬೇರೆ ಯಾರೂ ಇರಲಿಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಆಯಿ, ಅವತ್ತು ಸುಣ್ಣ ಹಚ್ಚಿದ್ರ ನಿನ್ನ ಕಷ್ಟ ಮುಗೀತಿತ್ತು. ಬಂದಿಲ್ಲ ಅಂದಿದ್ರೂ ಆ ಹುಡುಗಿನ್ನ ನನ್ನ ಹತ್ರ ಕಳಸಬಹುದಿತ್ತಲ್ಲ. ಯಾಕ ಹಂಗಂದಿ?"

ಅವಳು ಹಿಟ್ಟಿನ ಉಂಡೆ ಮಾಡಿ ಪರಾತದಲ್ಲಿಟ್ಟಳು. ಬಡಿಯಲಿಲ್ಲ.

"ನಾ ಎಂಟೊಂಬತ್ತು ವರ್ಷದಾಕಿ ಇದ್ದಾಗ ನಮ್ಮಕ್ಕಗ ದೇವಿ ಎದ್ದಿದ್ಲು. ಸಿಡುಬು. ಹೊಲದಾಗ ಗುಡಸಲ ಹಾಕಿ ಅಲ್ಲೇ ಇಟ್ಟಿದ್ರು. ನಾ ದಿನಾ ಅಂಬಲಿ ಒಯ್ದು ದೂರ ಇಟ್ಟು ಬರ್ತಿದ್ದೆ. ಹತ್ರ ಹೋಗಬ್ಯಾಡ ಅಂದಿದ್ರು, ಹೋಗ್ತಿದ್ದಿಲ್ಲ. ಒಂದಿನ ಒಳಗಿಂದ ಕೇಳಿದ್ಲು. ತಂಗಿ, ಊರಾಗ ಮತ್ಯಾರಿಗರೆ ಬಂದದೇನು, ನನಗೊಬ್ಬಾಕಿಗೇ ಏನು, ಅಂತ."

"ನೀ ಏನಂದಿ?"

"ನಿನಗೊಬ್ಬಾಕಿಗೇ ಅಂದೆ. ಖರೆನೂ ಅದೇ ಇತ್ತು. ಆಕಿ ಆ ಕಡಿ ಹೊಳ್ಳಿ ಮಲಗಿದ್ಲು. ಮತ್ತ ಮಾತಾಡ್ಲಿಲ್ಲ. ಮರುದಿನ ಅಂಬಲಿ ಇಟ್ಟಲ್ಲೇ ಇತ್ತು."

ಒಲೆಯಲ್ಲಿ ಕಟ್ಟಿಗೆ ಮುಂದಕ್ಕೆ ತಳ್ಳಿದಳು.

"ಅರವತ್ತು ವರ್ಷ ಆತು ಯಪ್ಪಾ. ಈ ಹುಡುಗಿ ಬಂದು ಅದೇ ಮಾತು ಕೇಳಿದ್ಲು" ಎಂದಳು ಆಯಿ. "ಹೂಂ, ನನಗೂ ಬಂದಿತ್ತವ್ವ ಅಂದೆ."